ಪೋಲೆಂಡಿನ ಗೋರಿಗಳಲ್ಲಿ ಇಳಕಲ್ಲಿನ ಕಲ್ಲು

ವಾರ್ಸಾ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಚೀಲ ಬಿಚ್ಚಿಸಿದವಳು ಎಳೆ ವಯಸ್ಸಿನ ಅಧಿಕಾರಿ. ಮೇಲೆ ಅಂಗಿಗಳಿದ್ದವು. ಅಂಗಿಗಳ ಕೆಳಗೆ ಖಡಕ್ ರೊಟ್ಟಿ, ರೊಟ್ಟಿಯ ಕೆಳಗೆ ಟವೆಲ್ಲಿನಲ್ಲಿ ಸುತ್ತಿದ ಏನೋ ಗಟ್ಟಿ ವಸ್ತು. ಒಂದನ್ನು ಬಿಚ್ಚಿ, "ಕಲ್ಲು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೌದು, ಕಲ್ಲು ಎಂದೆ. ಇನ್ನೊಂದನ್ನು ಬಿಚ್ಚಿದಳು. ಅದೂ ಕಲ್ಲೇ. ನನ್ನ ಹಿಂದೆ ನಿಂತಿದ್ದ ಮಾಬುಸಾಬರ ಚೀಲದಲ್ಲೂ ಅದೇ ಕ್ರಮ: ಅಂಗಿ, ರೊಟ್ಟಿ, ಕಲ್ಲು. ಅಂಗೈಯಗಲದ ಕೆಂಪು ಗ್ರಾನೈಟ್ ತುಣುಕುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಇವನ್ನು ಏನು ಮಾಡುತ್ತೀರಿ ಎಂದು ಕೇಳಿದಳು. ಮಾರುತ್ತೇವೆ ಎಂದೆ. ಪೋಲೆಂಡಿನಲ್ಲಿ ಕಲ್ಲಿಗೇನೂ ಬರವಿಲ್ಲ ಎಂಬ ಅರ್ಥದಲ್ಲಿ ಏನನ್ನೋ ಹೇಳಿ, ಕಲ್ಲುಗಳನ್ನು ಬದಿಗೆ ಸರಿಸಿ, ಶೇಂಗಾ ಚಟ್ನಿಯ ಡಬ್ಬಿ ಹಿಡಿದುಕೊಂಡಳು. ಮುಚ್ಚಳ ತೆಗೆದು ಮೂಸಿ ಸೀನಿದಳು. ಪಕ್ಕದ ಅಧಿಕಾರಿಯನ್ನು ಕರೆದಳು. ಅವನೂ ಮೂಸಿ ಸೀನಿದ. ಆಮೇಲೆ ನಮ್ಮನ್ನು ಬಿಟ್ಟರು.

"ಕಲ್ಲ ಬಿಟ್ಟು ಚಟ್ನಿ ಹಿಡದಾಳ ನೋಡ್ರಿ" ಎಂದರು ಮಾಬುಸಾಬ್. ಊರು ಬಿಟ್ಟ ಮೇಲೆ ಅವರು ನನ್ನೊಡನೆ ತಾವಾಗಿ ಆಡಿದ ಮೊದಲ ಮಾತು ಅದು.

ನಾವು ಗೆಳೆಯರೆಂದು ಜೊತೆಯಾಗಿ ಹೊರಟವರಲ್ಲ. ಇಳಕಲ್ಲಿನ ಅಂಚಿನಲ್ಲಿ, ಹುನಗುಂದದ ಕಡೆ ಹೋಗುವ ರಸ್ತೆಗೆ ನನ್ನದೊಂದು ಸಣ್ಣ ಕಲ್ಲು ಪಾಲಿಶ್ ಕಾರ್ಖಾನೆ ಇದೆ. ರಸ್ತೆಯ ಆಚೆ, ನನ್ನ ಗೇಟಿಗೆ ಎದುರು ಗೇಟು ಮಾಬುಸಾಬರದು. ನನ್ನ ಒಬ್ಬ ಒಳ್ಳೆಯ ಕೆಲಸಗಾರನನ್ನು ಅವರು ಕರೆದುಕೊಂಡರು ಎಂದು ನನಗೆ ಸಿಟ್ಟು. ಅವರ ಒಬ್ಬ ಗಿರಾಕಿಯನ್ನು ನಾನು ಎಳೆದುಕೊಂಡೆ ಎಂದು ಅವರಿಗೆ. ಹಬ್ಬಕ್ಕೆ ಕೈ ಎತ್ತಿ ನಮಸ್ಕಾರ, ಸಾವಿಗೆ ಹೋಗಿ ಮಾತಾಡಿಸಿ ಬರುವುದು, ಅಷ್ಟೇ ನಮ್ಮ ವ್ಯವಹಾರ. ಒಬ್ಬರ ಗೇಟಿನೊಳಗೆ ಇನ್ನೊಬ್ಬರು ಕಾಲಿಟ್ಟಿರಲಿಲ್ಲ.

ನಮ್ಮಿಬ್ಬರನ್ನು ಕೂಡಿಸಿದವರು ದಾನೂತಾ ಎಂಬ ಪೋಲಿಷ್ ಹೆಂಗಸು. ಗೋರಿಗೆ ಕಲ್ಲು ಕೂಡಿಸುವುದು ಅವರ ತಂದೆಯಿಂದ ಬಂದ ಕಸುಬು. ಆ ದೇಶದಲ್ಲಿ ನಮ್ಮ ಕೆಂಪು ಕಲ್ಲಿಗೆ ಬೇಡಿಕೆ ಉಂಟು. ಅದು ಇಷ್ಟು ದಿನ ನಮ್ಮ ಕಡೆಯ ಬಂದರು ಪಟ್ಟಣದ ಒಬ್ಬ ದಲ್ಲಾಳಿಯ ಮೂಲಕ ಹೋಗುತ್ತಿತ್ತು. ದಾನೂತಾ ನೇರವಾಗಿ ಕೊಳ್ಳಬೇಕೆಂದು ಬೆಂಗಳೂರಿಗೆ ಬಂದವರು ಇಳಕಲ್ಲಿಗೂ ಬಂದರು. ನನ್ನ ಕಾರ್ಖಾನೆ ನೋಡಿದರು, ರಸ್ತೆ ದಾಟಿ ಮಾಬುಸಾಬರದನ್ನೂ ನೋಡಿದರು. ಬಾದಾಮಿ ತೋರಿಸಲು ಕರೆದುಕೊಂಡು ಹೋದಾಗ ಗುಹೆಯ ಕಂಬವನ್ನು ಸವರುತ್ತ ಹೇಳಿದರು: "ನಿಮ್ಮಲ್ಲಿ ಒಬ್ಬರಿಂದ ನನಗೆ ಸಾಕಾಗುವುದಿಲ್ಲ. ಇಬ್ಬರೂ ಕೂಡಿ ಮಾಡುವುದಾದರೆ ಬನ್ನಿ, ನಮ್ಮ ಊರನ್ನು ನೋಡಿ, ಆಮೇಲೆ ಮಾತಾಡೋಣ."

ಹೀಗೆ ಹೊರಟೆವು, ಅಕ್ಕಪಕ್ಕದ ಸೀಟಿನಲ್ಲಿ, ಬೇರೆ ಬೇರೆ ಡಬ್ಬಿಯ ರೊಟ್ಟಿ ತಿನ್ನುತ್ತ.

ವ್ರೊಟ್ಸ್‌ವಾಫ್

ಈ ಊರಿನ ಹೆಸರನ್ನು ಅವರು ಬರೆಯುವುದೊಂದು, ಕರೆಯುವುದೊಂದು. ಬರೆದಂತೆ ಓದಿ ಕೇಳಿದರೆ ವಾರ್ಸಾದ ರೈಲು ನಿಲ್ದಾಣದಲ್ಲಿ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಒಬ್ಬ ಮುದುಕಿ ನನ್ನ ಚೀಟಿಯನ್ನು ಕಸಿದುಕೊಂಡು ನೋಡಿ, ನಮ್ಮನ್ನು ಸರಿಯಾದ ಗಾಡಿಯ ಬಾಗಿಲ ತನಕ ನಡೆಸಿಕೊಂಡು ಬಂದು, ಒಂದು ಸಲವೂ ನಗದೆ ಹೊರಟುಹೋದಳು. ಅಲ್ಲಿನವರು ಅಪರಿಚಿತರಿಗೆ ನಗುವುದಿಲ್ಲ. ಮೊದಲೆರಡು ದಿನ ನಮ್ಮ ಮೇಲೆ ಸಿಟ್ಟಿದೆಯೇನೋ ಎಂದುಕೊಂಡೆ. ಆಮೇಲೆ ತಿಳಿಯಿತು, ಅವರು ಕೆಲಸ ಮಾಡಿಕೊಡುತ್ತಾರೆ, ನಗುವನ್ನು ಮಾತ್ರ ಪರಿಚಯದವರಿಗೆ ಉಳಿಸಿಕೊಳ್ಳುತ್ತಾರೆ. ನಮ್ಮ ಇಳಕಲ್ ಬಸ್ ನಿಲ್ದಾಣದಲ್ಲಿ ಇದರ ತಿರುವುಮುರುವು. ನಕ್ಕು ಮಾತಾಡಿಸಿ, ಯಾವ ಊರು, ಯಾರ ಮನಿ ಎಂದೆಲ್ಲ ವಿಚಾರಿಸಿ, ತಪ್ಪು ಬಸ್ಸಿಗೆ ಹತ್ತಿಸುತ್ತಾರೆ.

ಊಟದ ವಿಷಯದಲ್ಲಿ ಒಂದು ವಿಚಿತ್ರವಾಯಿತು. ನಾನು ಮಾಂಸ ಮುಟ್ಟುವವನಲ್ಲ. ಮಾಬುಸಾಬ್ ತಿನ್ನುವವರು, ಆದರೆ ಅಲ್ಲಿ ಕೊಯ್ದದ್ದನ್ನು ತಿನ್ನಲೊಲ್ಲರು. ಹೋಟೆಲಿನವನ ಪಟ್ಟಿಯಲ್ಲಿ ನನಗೆ ಬೇಡವಾದದ್ದನ್ನು ನಾನು, ಅವರಿಗೆ ಬೇಡವಾದದ್ದನ್ನು ಅವರು ಹೊಡೆದುಹಾಕುತ್ತ ಬಂದೆವು. ಉಳಿದದ್ದು ಒಂದೇ: ಆಲೂಗಡ್ಡೆ ತುಂಬಿ ಬೇಯಿಸಿದ ಕಡುಬು. ಅವರು ಅದಕ್ಕೆ ಪಿಯೆರೋಗಿ ಎನ್ನುತ್ತಾರೆ. ಇಬ್ಬರಿಗೂ ಅದೇ ಬಂತು. ಉಪ್ಪು ಬಿಟ್ಟರೆ ರುಚಿಯೇ ಇಲ್ಲ. ನಾನು ಶೇಂಗಾ ಚಟ್ನಿ ತೆಗೆದೆ, ಅವರು ತಮ್ಮ ಚೀಲದಿಂದ ಕೆಂಪು ಚಟ್ನಿ ತೆಗೆದರು. ಮೇಜಿನ ನಡುವೆ ಎರಡೂ ಡಬ್ಬಿ ಇಟ್ಟೆವು. ಆ ಊಟದಿಂದ ಮುಂದೆ ಡಬ್ಬಿಗಳು ನಡುವೆಯೇ ಇದ್ದವು.

ದಾನೂತಾ ಅವರ ಊರು

ವ್ರೊಟ್ಸ್‌ವಾಫ್‌ನಿಂದ ಸಣ್ಣ ಗಾಡಿಯಲ್ಲಿ ಹೋಗಬೇಕಾದ ಊರು. ನಿಲ್ದಾಣದ ಹೊರಗೆ ಹೂವು ಮಾರುವ ಹೆಂಗಸರು ಸಾಲಾಗಿ ಕುಳಿತಿದ್ದರು. ಎಲ್ಲರ ಮುಂದೆಯೂ ಕುಂಡ ಕುಂಡ ಸೇವಂತಿಗೆ. ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗಬಾರದು ಎಂದು ಒಂದು ದೊಡ್ಡ ಹಳದಿ ಕುಂಡ ಕೊಂಡೆ. ನಮ್ಮಲ್ಲಿ ದೇವರಿಗೂ ಮದುಮಗಳ ಹೆರಳಿಗೂ ಅದೇ ಹೂವು ತಾನೆ.

ಬಾಗಿಲು ತೆರೆದ ದಾನೂತಾ ಕುಂಡ ನೋಡಿ ಬಾಯಿಗೆ ಕೈ ಹಿಡಿದುಕೊಂಡರು. ಇನ್ನೊಂದು ಕ್ಷಣಕ್ಕೆ ಮಾಬುಸಾಬ್ ಹೊಸ್ತಿಲ ಹೊರಗಿನಿಂದಲೇ ಕೈ ಚಾಚಿದರು. ದಾನೂತಾ ಕೈ ಕುಲುಕುವ ಬದಲು ಅವರ ತೋಳು ಹಿಡಿದು ಒಳಗೆ ಎಳೆದುಕೊಂಡು, ಒಳಗೆ ನಿಲ್ಲಿಸಿ, ಆಮೇಲೆ ಕೈ ಕುಲುಕಿದರು. ಹೊಸ್ತಿಲ ಮೇಲಿನಿಂದ ಕೈ ಕುಲುಕಿದರೆ ಜಗಳವಾಗುತ್ತದಂತೆ. ಮಾಬುಸಾಬರಿಗೆ ನಾನು ಹೇಳಿದಾಗ ಅವರು, "ನಮ್ಮ ಅವ್ವನೂ ಹಂಗ ಅಂತಾಳ್ರಿ. ಹೊಸ್ತಲದಾಗ ನಿಂತು ಕೊಡೂದು ತಗೊಳ್ಳೂದು ಮಾಡಬಾರದು ಅಂತ" ಎಂದರು. ನಮ್ಮ ಮನೆಯಲ್ಲೂ ಹೀಗೇ. ದಾನೂತಾ ನಮ್ಮ ಚಪ್ಪಲಿ ಹೊರಗೆ ಬಿಡಿಸಿ ಅತಿಥಿಗಳಿಗೆಂದೇ ಇಟ್ಟ ಮೆತ್ತನೆಯ ಚಪ್ಪಲಿಗಳನ್ನು ಕೊಟ್ಟರು. ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಬಂತು, ಮೇಲೊಂದು ನಿಂಬೆಯ ಬಿಲ್ಲೆ.

ಚಹಾ ಕುಡಿದಾದ ಮೇಲೆ ದಾನೂತಾ ಸೇವಂತಿಗೆಯ ಗುಟ್ಟು ಬಿಚ್ಚಿದರು. ಅಲ್ಲಿ ಆ ಹೂವು ಗೋರಿಗೆ ಮಾತ್ರ. ಸತ್ತವರನ್ನು ನೆನೆಯುವ ಹಬ್ಬ ಹತ್ತಿರ ಬಂದಿತ್ತು, ಅದಕ್ಕೇ ನಿಲ್ದಾಣದ ಮುಂದೆ ಅಷ್ಟು ಹೂವು. ನಾನು ತಲೆ ತಗ್ಗಿಸಿದೆ. ಅವರು, "ಪರವಾಗಿಲ್ಲ, ಅಪ್ಪನಿಗೆ ಕೊಟ್ಟು ಬರೋಣ. ನೀವೂ ನಿಮ್ಮ ಕಲ್ಲನ್ನು ನೋಡಿದಂತಾಗುತ್ತದೆ" ಎಂದು ಕುಂಡ ಎತ್ತಿಕೊಂಡರು.

ಊರ ಹೊರಗೆ

ನಮ್ಮಲ್ಲಿ ಸತ್ತವರನ್ನು ಹೂಳುತ್ತೇವೆ. ಮಾಬುಸಾಬರಲ್ಲೂ ಅಷ್ಟೇ. ಆದರೆ ವರ್ಷಗಟ್ಟಲೆ ಗೋರಿಯ ಕಲ್ಲು ಕೊಯ್ದು ಹೊಳಪು ಕೊಟ್ಟು ಕಳಿಸಿದ ನಮ್ಮಿಬ್ಬರ ಮನೆಯಲ್ಲೂ ಯಾರ ಗೋರಿಗೂ ಪಾಲಿಶ್ ಕಲ್ಲು ಹಾಕಿದ್ದಿಲ್ಲ. ನಮ್ಮ ಮಾಲು ಎಲ್ಲಿಗೆ ಹೋಗಿ ಏನಾಗುತ್ತದೆಂದು ಅಲ್ಲಿಯ ತನಕ ನಾವು ಕಂಡೂ ಇರಲಿಲ್ಲ.

ಆ ಸ್ಮಶಾನ ಒಂದು ಬಡಾವಣೆಯ ಹಾಗಿತ್ತು. ರಸ್ತೆ, ನಲ್ಲಿ, ಬೆಂಚು, ಕಸದ ಡಬ್ಬಿ. ಹಬ್ಬದ ತಯಾರಿಗೆಂದು ಜನ ಬಕೆಟ್ಟು ಬ್ರಷ್ಷು ತಂದು ತಮ್ಮ ತಮ್ಮ ಗೋರಿಯನ್ನು ತಿಕ್ಕಿ ತೊಳೆಯುತ್ತಿದ್ದರು. ದೀಪಾವಳಿಗೆ ನಮ್ಮ ಓಣಿಯಲ್ಲಿ ಹೆಂಗಸರು ಕಟ್ಟೆ ತೊಳೆಯುವಂತೆ. ಬೂದು, ಕಪ್ಪು, ನಡುನಡುವೆ ನಮ್ಮ ಕೆಂಪು. ಗುರುತು ಸಿಕ್ಕಾಗಲೆಲ್ಲ ಮಾಬುಸಾಬ್ ಬಗ್ಗಿ ಕಲ್ಲಿನ ಮೇಲೆ ಬೆರಳಾಡಿಸುತ್ತಿದ್ದರು.

ಅಂಥದ್ದೊಂದು ಕೆಂಪು ಗೋರಿಯನ್ನು ಒರೆಸುತ್ತಿದ್ದ ಮುದುಕರೊಬ್ಬರು ದಾನೂತಾ ಅವರನ್ನು ಕಂಡು ಎದ್ದು ನಿಂತರು. ಹೆಸರು ಯೂಜೆಫ್. ಕಲ್ಲಿನ ಮೇಲೆ ಎರಡು ಹೆಸರು ಕೆತ್ತಿತ್ತು. ಒಂದು ತೀರಿಕೊಂಡ ಹೆಂಡತಿಯದು, ಇನ್ನೊಂದು ಅವರದೇ. ಅವರ ಹುಟ್ಟಿದ ವರ್ಷ ಕೆತ್ತಿ, ಮುಂದಿನ ಜಾಗ ಖಾಲಿ ಬಿಟ್ಟಿದ್ದರು. ಬದುಕಿರುವವರ ಹೆಸರನ್ನು ಗೋರಿಯ ಮೇಲೆ ಬರೆಯುವುದು ಅಲ್ಲಿ ಸಾಮಾನ್ಯ ಸಂಗತಿ. ಮುದುಕರು ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಏನೋ ಹೇಳಿದರು. ಆ ಖಾಲಿ ಜಾಗದ ಮೇಲೆಯೇ ಕಲ್ಲಿನಲ್ಲಿ ಒಂದು ಬಿರುಕು ಹಾದುಹೋಗಿತ್ತು.

ದಾನೂತಾ ಇಂಗ್ಲಿಷಿನಲ್ಲಿ ಹೇಳಿದರು: "ಅಪ್ಪನ ಕಾಲದಲ್ಲಿ ಕೂಡಿಸಿದ್ದು. ಬಿರುಕಿಗೆ ಯಾರೋ ಅಂಟು ತುಂಬಿ ಪಾಲಿಶ್ ಮಾಡಿದ್ದಾರೆ. ಇಲ್ಲಿನ ಚಳಿಗೆ ನೀರು ಹೊಕ್ಕು, ಹಿಮವಾಗಿ, ಅಂಟು ಕಿತ್ತು ಬಂದಿದೆ. ಇವರು, ಬಿರುಕು ತನ್ನ ಹೆಸರಿನ ಕಡೆ ಇದೆ, ತನಗೇನೂ ಬೇಸರವಿಲ್ಲ, ಆದರೆ ಹೆಂಡತಿ ಇದ್ದಿದ್ದರೆ ಒಪ್ಪುತ್ತಿರಲಿಲ್ಲ ಎನ್ನುತ್ತಿದ್ದಾರೆ." ನಮ್ಮ ಕಡೆ ತಿರುಗಿ, "ಕಲ್ಲು ಇಳಕಲ್ಲಿನದು" ಎಂದರು.

ಕೂದಲೆಳೆಯಂಥ ಬಿರುಕಿಗೆ ಅಂಟು ತುಂಬುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ನಮ್ಮ ಬಿಸಿಲಿಗೆ ಅದು ಎಷ್ಟು ಕಾಲವಾದರೂ ಅಲುಗುವುದಿಲ್ಲ. ಆ ದಲ್ಲಾಳಿ ಇಳಕಲ್ಲಿನ ಬಹಳ ಕಾರ್ಖಾನೆಗಳಿಂದ ಕಲ್ಲು ಎತ್ತಿ, ಎಲ್ಲ ಕೂಡಿಸಿ ಕಳಿಸುತ್ತಿದ್ದ. ಇದು ಯಾರದೆಂದು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ನಮ್ಮ ಊರಿನಲ್ಲಿ ಕಾರ್ಖಾನೆಗಳು ಬಹಳ ಎಂದು ಹೇಳಲು ನಾನು ಮನಸ್ಸಿನಲ್ಲೇ ಇಂಗ್ಲಿಷ್ ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಾಬುಸಾಬ್ ಮೊಣಕಾಲೂರಿ ಕುಳಿತು, ಮುದುಕರ ಕೈಯಲ್ಲಿದ್ದ ಒದ್ದೆ ಬಟ್ಟೆ ಇಸಿದುಕೊಂಡು ಬಿರುಕನ್ನು ಒರೆಸಿ, ಉಗುರಿನಿಂದ ಗೀರಿ ನೋಡಿದರು.

"ನಮ್ದ ಅಂತ ಹೇಳ್ರಿ" ಎಂದರು, ತಲೆ ಎತ್ತದೆ.

"ಯಾರ್ದೋ ಏನೋ. ನಮ್ದ ಅಂತ ಹ್ಯಾಂಗ ಗೊತ್ತಾತ್ರಿ ನಿಮಗ?"

"ಗೊತ್ತಿಲ್ರಿ. ಆದ್ರೂ ನಮ್ದ ಅಂತ ಹೇಳ್ರಿ."

ನಾನು ಹೇಳಲಿಲ್ಲ. ವಿಚಾರಿಸಿ ನೋಡುತ್ತೇವೆ ಎಂದು ದಾನೂತಾ ಅವರಿಗೆ ಹೇಳಿದೆ. ಮಾಬುಸಾಬ್ ಆಡಿದ ಮಾತಿಗೂ ನಾನು ಅನುವಾದಿಸಿದ್ದಕ್ಕೂ ತಾಳೆಯಿಲ್ಲವೆಂದು ಅವರಿಗೆ ಅನಿಸಿರಬೇಕು. ಇಬ್ಬರನ್ನೂ ಒಮ್ಮೆ ನೋಡಿ, ಹೂವಿನ ಕುಂಡ ಹಿಡಿದು ಮುಂದೆ ನಡೆದರು.

ವಸತಿಗೆ ಬಂದ ಮೇಲೆ ನಾನೇ ಮಾತು ತೆಗೆದೆ. "ಮಾಬುಸಾಬ್ರ, ಇದೊಂದ ನಮ್ದ ಅಂತ ಒಪ್ಪಿಕೊಂಡ್ರ, ಪೋಲೆಂಡಿನಾಗ ಒಡದದ್ದೆಲ್ಲಾ ನಮ್ಮ ಕೊಳ್ಳಿಗೆ ಬೀಳ್ತಾವ. ವ್ಯಾಪಾರ ಇನ್ನಾ ಸುರು ಆಗಿಲ್ಲ."

ಅವರು ಕಾಲುಚೀಲ ಬಿಚ್ಚುತ್ತಿದ್ದರು. "ನಾವ್ ಬಂದದ್ದ ಯಾಕ್ರಿ? ನಡಕಿನ ದಲ್ಲಾಳಿ ಬ್ಯಾಡಾ ಅಂತ. ಅವಾ ಇದ್ದಾಗ ಬರೋಬ್ಬರಿ ಇತ್ತು. ಕಲ್ಲ ಛಲೋ ಇದ್ರ ನಂದು ನಿಂದು ಅಂತಿದ್ವಿ, ಕೆಟ್ಟಿದ್ರ ಅವನ ಮ್ಯಾಲ ಹಾಕ್ತಿದ್ವಿ. ಈಗ ಅವನ್ನ ತಗದ್ವಿ. ಇನ್ನ ಯಾರ ಮ್ಯಾಲ ಹಾಕೂದ್ರಿ?"

"ಅದು ಬ್ಯಾರೆ ಮಾತು."

"ಅದ ಮಾತರಿ" ಎಂದು ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಅವರ ಮಾತಿನಲ್ಲಿ ತಪ್ಪು ಹುಡುಕುತ್ತ ಬಹಳ ಹೊತ್ತು ಬಿದ್ದುಕೊಂಡಿದ್ದೆ. ಸಿಗಲಿಲ್ಲ. ಆದರೂ ಒಪ್ಪಲು ಮನಸ್ಸಾಗಲಿಲ್ಲ.

ಅದೇ ಊರು, ಮರುದಿನ

ಎದ್ದಾಗ ಮಾಬುಸಾಬರ ಹಾಸಿಗೆ ಖಾಲಿ ಇತ್ತು. ದಾನೂತಾ ಅವರ ಕಲ್ಲಿನ ಅಂಗಡಿಗೆ ಹೋದೆ. ಅಲ್ಲಿದ್ದರು. ಇಂಗ್ಲಿಷ್ ಬಾರದ ಅವರು ಫೋನಿನಲ್ಲಿ ಕನ್ನಡ ಹೇಳಿ ಪೋಲಿಷ್ ಮಾಡಿಸುತ್ತಿದ್ದರು. ಫೋನು ಏನು ಹೇಳಿತೋ, ದಾನೂತಾ ಒಳಗಿನಿಂದ ಮಕ್ಕಳು ಕಾಗದ ಅಂಟಿಸುವ ಗೋಂದಿನ ಡಬ್ಬಿ ತಂದು ಅವರ ಮುಂದೆ ಇಟ್ಟಿದ್ದರು. ಮಾಬುಸಾಬ್ ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

ನನ್ನನ್ನು ಕಂಡು ದಾನೂತಾ, "ಇವರು ಏನು ಹೇಳುತ್ತಿದ್ದಾರೆ? ಕಲ್ಲಿಗೆ ಸಿಟ್ಟು ಬಂದಿದೆ, ಅದು ಎಲ್ಲರದೂ ಎಂದು ಬರುತ್ತಿದೆ" ಎಂದರು.

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. "ಕಲ್ಲು ನಮ್ಮದು, ನಾವು ರಿಪೇರಿ ಮಾಡುತ್ತೇವೆ, ಅಂಟು ಮತ್ತು ಸಾಮಾನು ಕೊಡಿ ಎನ್ನುತ್ತಿದ್ದಾರೆ" ಎಂದೆ.

"ನಮ್ಮದು ಅಂದರೆ ಅವರದೊಂದೇ?"

"ಇಬ್ಬರದೂ" ಎಂದೆ. ದೊಡ್ಡ ಮನಸ್ಸಿನಿಂದ ಹೇಳಿದ್ದಲ್ಲ. ಹೇಳುವಾಗ ಸಿಟ್ಟೂ ಇತ್ತು. ಆದರೆ ಹೇಳಿದ ಮೇಲೆ ಹಿಂದಕ್ಕೆ ಪಡೆಯಬೇಕು ಎನಿಸಲಿಲ್ಲ.

ನಾವಿಬ್ಬರೂ ಯಜಮಾನರಾದ ಮೇಲೆ ಕೈಯಾರೆ ಕೆಲಸ ಮಾಡುವುದು ಕಡಿಮೆಯಾಗಿತ್ತು. ಅಂದು ಯೂಜೆಫರ ಗೋರಿಯ ಎರಡು ಮಗ್ಗುಲಿಗೆ ಗೋಣಿಚೀಲ ಹಾಸಿಕೊಂಡು ಕುಳಿತೆವು. ಹಳೆಯ ಅಂಟನ್ನು ತೆಳು ಬ್ಲೇಡಿನಿಂದ ಕೆರೆದು ತೆಗೆಯುವುದೇ ಅರ್ಧ ದಿನದ ಕೆಲಸ. ಮುದುಕರು ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದರು. ಅಂಟು ಹಿಡಿಯಲು ಕಲ್ಲು ಬೆಚ್ಚಗಾಗಬೇಕು, ಅಲ್ಲಿನ ಗಾಳಿ ಬಿಡುತ್ತಿರಲಿಲ್ಲ. ದಾನೂತಾ ಗ್ಯಾಸಿನ ಹೀಟರ್ ತಂದು ಕಲ್ಲಿನ ಮುಂದೆ ಇಟ್ಟರು. ಕಲ್ಲಿನ ಜೊತೆಗೆ ನಾವೂ ಕಾಯಿಸಿಕೊಂಡೆವು.

ಅಂಟಿಗೆ ಬಣ್ಣ ಕೂಡಬೇಕಾದರೆ ಅದೇ ಕಲ್ಲಿನ ಪುಡಿ ಬೇಕು. ಮಾಬುಸಾಬ್ ಮೊದಲು ತಮ್ಮ ಮಾದರಿ ತುಣುಕನ್ನು ಕುಟ್ಟಿ ಪುಡಿ ಮಾಡಿ ಕಲಸಿದರು. ಬಣ್ಣ ತೆಳುವಾಗಿ ಬೇರೆಯೇ ಕಂಡಿತು. ಒರೆಸಿ ತೆಗೆದರು. ಆಮೇಲೆ ನನ್ನ ತುಣುಕನ್ನು ಕುಟ್ಟಿದರು. ಅದನ್ನು ತುಂಬಿದಾಗ ಗೆರೆ ಕಲ್ಲಿನೊಳಗೆ ಕರಗಿಹೋಯಿತು. ಎಲ್ಲಿ ಬಿರುಕಿತ್ತೆಂದು ಹುಡುಕಬೇಕಾಯಿತು.

ಅವರು ಒಮ್ಮೆ ನನ್ನ ಮುಖ ನೋಡಿದರು. ನನ್ನ ತುಣುಕು ಬಂದ ಗಣಿಯ ಕಲ್ಲನ್ನು ನಾನೊಬ್ಬನೇ ತರುವುದಿಲ್ಲ, ಇನ್ನೂ ಎಷ್ಟೋ ಜನ ತರುತ್ತಾರೆ. ಹಾಗೆಂದು ಹೇಳಬಹುದಿತ್ತು. ಅಂದಿನಿಂದ ಇಂದಿನವರೆಗೆ ಆ ಮಾತು ನಮ್ಮ ನಡುವೆ ಬಂದಿಲ್ಲ.

ಕೈ ಪಾಲಿಶ್ ಮುಗಿಯುವಷ್ಟರಲ್ಲಿ ಬಿಸಿಲು ಇಳಿದಿತ್ತು. ಯೂಜೆಫ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ಬಂದು ತಮ್ಮ ಹೆಸರಿನ ಮುಂದಿನ ಖಾಲಿ ಜಾಗವನ್ನು ಅಂಗೈಯಿಂದ ಸವರಿ ನೋಡಿದರು, ಮೇಜಿನ ಮೇಲಿನ ಧೂಳು ಸವರುವವರ ಹಾಗೆ. ಆಮೇಲೆ ದಾನೂತಾ ಅವರ ಕಡೆ ತಿರುಗಿ ಒಂದು ಮಾತು ಹೇಳಿದರು. ಅವರು ನಕ್ಕು ನಮಗೆ ತಿಳಿಸಿದರು: "ಇಷ್ಟು ಚೆನ್ನಾಗಿ ಮಾಡಿದ್ದೀರಿ, ಆದರೂ ತನಗೇನೂ ಅವಸರವಿಲ್ಲವಂತೆ."

ಮಾಬುಸಾಬ್ ಮುದುಕರ ಎರಡೂ ಕೈ ಹಿಡಿದು, "ನೂರ್ ವರ್ಷ ಇರ್ರಿ, ಅಜ್ಜಾರ" ಎಂದರು. ಅದನ್ನು ಯಾರೂ ಅನುವಾದಿಸಲಿಲ್ಲ. ಮುದುಕರು ತಲೆ ಆಡಿಸಿದರು.

ಮತ್ತೆ ವ್ರೊಟ್ಸ್‌ವಾಫ್ ಗಾಡಿ

ಹೊರಡುವ ಮುಂಚೆ ದಾನೂತಾ ತಮ್ಮ ಮಾತು ಹೇಳಿದರು. ನಾವು ಅಂದುಕೊಂಡದ್ದಕ್ಕಿಂತ ಚಿಕ್ಕ ಆರ್ಡರು. ಒಂದೇ ಕಂಟೇನರ್, ಇಬ್ಬರ ಕಲ್ಲೂ ಕೂಡಿ ಬರಬೇಕು. ಜೊತೆಗೊಂದು ಷರತ್ತು. "ಒಂದೇ ಗೋರಿಗೆ ತಲೆಯ ಕಲ್ಲು ಒಬ್ಬರದು, ಮೇಲೆ ಹಾಸುವ ಕಲ್ಲು ಇನ್ನೊಬ್ಬರದು ಆದೀತು. ಬಣ್ಣ ಹೊಂದಬೇಕು, ಬಿರುಕು ಇರಬಾರದು. ಕಂಟೇನರಿಗೆ ತುಂಬುವ ಮೊದಲು ಯಾರಾದರೂ ನೋಡಬೇಕು. ತನ್ನ ಕಲ್ಲನ್ನು ತಾನೇ ನೋಡಿ ಚೆನ್ನಾಗಿದೆ ಎಂದರೆ ನಾನು ಒಪ್ಪುವುದಿಲ್ಲ. ಯಾರು ನೋಡುತ್ತೀರಿ, ನೀವೇ ತೀರ್ಮಾನ ಮಾಡಿ."

ಗಾಡಿಯಲ್ಲಿ ಎಲ್ಲರೂ ಸುಮ್ಮನೆ ಕುಳಿತಿದ್ದರು. ನಾವಿಬ್ಬರೇ ಮಾತಾಡುತ್ತಿದ್ದದ್ದು. ಹುನಗುಂದದಲ್ಲಿ ಕಲ್ಲು ಬಲ್ಲ ಒಬ್ಬರಿದ್ದಾರೆ, ಅವರನ್ನು ನೇಮಿಸೋಣ ಎಂದೆ.

"ಮತ್ತ ನಡಕ ಒಬ್ಬಾವ ಬಂದ್ನಲ್ರಿ" ಎಂದರು ಮಾಬುಸಾಬ್.

"ಮತ್ತ ಹ್ಯಾಂಗ್ ಮಾಡೂದ್ರಿ?"

ಅವರು ಕಿಟಕಿಯ ಹೊರಗೆ ನೋಡಿದರು. ಉತ್ತ ಹೊಲಗಳು, ನಮ್ಮ ಎರೆ ಮಣ್ಣಿನಷ್ಟೇ ಕಪ್ಪು. "ನಿಮ್ಮವು ನಾ ನೋಡ್ತೇನಿ. ನಮ್ಮವು ನೀವ್ ನೋಡ್ರಿ. ಬ್ಯಾಡಾದ್ದಕ್ಕ ಗೀಟು ಹಾಕೂದು. ಹಾಕಿದ್ದಕ್ಕ ಯಾಕ ಅಂತ ಕೇಳಬಾರ್ದು."

ನನ್ನ ಗೇಟಿನೊಳಗೆ ಎದುರು ಗೇಟಿನವರು ಬಂದು, ನನ್ನ ಕೆಲಸಗಾರರ ಮುಂದೆ ನನ್ನ ಕಲ್ಲಿಗೆ ಗೀಟು ಹಾಕುವುದನ್ನು ಊಹಿಸಿ ನೋಡಿದೆ. ಆಯಿತು ಎಂದೆ.

ಇಳಕಲ್

ಮೊದಲು ಅವರೇ ನಮ್ಮಲ್ಲಿಗೆ ಬಂದರು. ನನ್ನ ಹೆಂಡತಿ ಗಿರಿಜಾ ಕುರ್ಚಿ ಹಾಕಿ, ಚಹಾ ತರಿಸಿ, ಮತ್ತೇನು ಮಾಡಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತಳು. ಮಾಬುಸಾಬ್ ಚಹಾ ಕುಡಿದು, ಬಕೆಟ್ಟು ನೀರು ತರಿಸಿ, ನಿಲ್ಲಿಸಿದ ಕಲ್ಲುಗಳಿಗೆ ಎರಚುತ್ತ ಹೋದರು. ನೀರು ಆರುವಾಗ ಬಿರುಕಿದ್ದ ಕಡೆ ಒದ್ದೆ ಗೆರೆ ಉಳಿಯುತ್ತದೆ. ಅದನ್ನು ಕಾಯುತ್ತ ಪ್ರತಿಯೊಂದರ ಮುಂದೆಯೂ ನಿಂತರು. ಯಂತ್ರ ಯಾವಾಗ ನಿಲ್ಲಿಸಿದರೋ, ಕೆಲಸಗಾರರೆಲ್ಲ ಸುತ್ತ ಬಂದು ನಿಂತಿದ್ದರು. ನಾನು ಮೆಚ್ಚಿ, ಬಂದವರಿಗೆಲ್ಲ ತೋರಿಸುತ್ತಿದ್ದ ದೊಡ್ಡ ಕಲ್ಲೊಂದಿತ್ತು. ಅದಕ್ಕೂ ಗೀಟು ಬಿತ್ತು. ಯಾಕೆ ಎಂದು ಕೇಳಬಾರದೆಂದು ಮಾತಾಗಿತ್ತು. ಅವರು ಹೋದ ಮೇಲೆ ನೀರು ಹಾಕಿ ನೋಡಿದೆ. ಗೆರೆ ಇತ್ತು.

ಮರುದಿನ ನಾನು ರಸ್ತೆ ದಾಟಿದೆ. ಅಲ್ಲಿಯೂ ಕುರ್ಚಿ, ಚಹಾ, ಬಕೆಟ್ಟು ನೀರು. ಸಾಲಾಗಿ ನೋಡುತ್ತ ಬಂದು ಕೆಲವಕ್ಕೆ ಬಳಪದಿಂದ ಗೀಟು ಹಾಕಿದೆ. ಹಾಕುವಾಗಲೆಲ್ಲ ಅವರ ಕೆಲಸಗಾರರ ಮುಖ ನೋಡಿ ಸಂಕೋಚಪಡುತ್ತಿದ್ದೆ. ಹಿಂದಿನ ಗೋಡೆಗೆ ಒರಗಿಸಿದ ಸಾಲು ಮುಗಿಸಿ, ಆಯ್ತ್ರಿ ಎಂದೆ.

ಮಾಬುಸಾಬ್ ನನ್ನ ಕೈಯಿಂದ ಬಳಪ ತೆಗೆದುಕೊಂಡು ಆ ಸಾಲಿಗೆ ನಡೆದರು. ಒಂದಕ್ಕೆ ಗೀಟು ಹಾಕಿದರು. ನಾಲ್ಕು ಹೆಜ್ಜೆ ಮುಂದೆ ಹೋಗಿ ಇನ್ನೊಂದಕ್ಕೂ ಹಾಕಿದರು.

"ಇವೆರಡು ನಿಮಗ ಕಂಡಿದ್ವು, ಸಂಗಣ್ಣೋರ" ಎಂದರು.

"ಹೌದ್ರಿ, ಕಂಡಿದ್ವು" ಎಂದೆ.

ಅವರು ಬಳಪವನ್ನು ಮತ್ತೆ ನನ್ನ ಕೈಗೆ ಕೊಟ್ಟು, "ಇನ್ನೊಮ್ಮಿ ಮೊದಲಿಂದ ನೋಡ್ರಿ" ಎಂದು ಬಕೆಟ್ಟು ತುಂಬಿಸಲು ನಲ್ಲಿಯ ಕಡೆ ಹೋದರು.